ಮತ ಕೊಟ್ಟ ಅಪರಾಧ: ಸೂಸನ್ ಆಂಥೊನಿಯ ಜೀವನ

ಹದಿನೆಂಟು ವರ್ಷ ತುಂಬಿದ ವಿದ್ಯಾರ್ಥಿ ಒಂದು ಅರ್ಜಿಯನ್ನು ಬರೆದುಕೊಟ್ಟರೆ ಮತದಾರರ ಪಟ್ಟಿಯಲ್ಲಿ ಹೆಸರು ಸೇರುತ್ತದೆ. ಚುನಾವಣೆಯ ದಿನ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತು, ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದರೆ ಕೆಲಸ ಮುಗಿಯಿತು. 1950ರಲ್ಲಿ ನಮ್ಮ ಸಂವಿಧಾನವು ಗಂಡು ಹೆಣ್ಣು, ಓದಿದವರು ಓದದವರು, ಭೂಮಿಯುಳ್ಳವರು ಇಲ್ಲದವರು ಎಂಬ ಭೇದವನ್ನೆಣಿಸದೆ ವಯಸ್ಕರೆಲ್ಲರಿಗೂ ಮತವನ್ನು ಕೊಟ್ಟಿತು. ಅಷ್ಟು ದೊಡ್ಡ ವಸ್ತು ಅಷ್ಟು ಸುಲಭವಾಗಿ ನಮ್ಮ ಕೈಗೆ ಬಂದುದರಿಂದಲೋ ಏನೋ, ಮತದಾನದ ದಿನವನ್ನು ಮಲಗಿ ಕಳೆಯಲು ಸಿಕ್ಕ ರಜೆಯೆಂದು ಎಣಿಸುವ ಮಿತ್ರರು ನಮ್ಮಲ್ಲಿ ಇಲ್ಲದಿಲ್ಲ. ಅವರನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಪೆಟ್ಟಿಗೆಯೊಳಗೆ ಒಂದು ಮತಪತ್ರ ಬೀಳುವಂತೆ ಮಾಡಿದುದಕ್ಕಾಗಿ ನ್ಯಾಯಾಲಯದಲ್ಲಿ ಅಪರಾಧಿಯಾಗಿ ನಿಲ್ಲಬೇಕಾಗಿ ಬಂದ ಅಮೆರಿಕದ ಒಬ್ಬ ಉಪಾಧ್ಯಾಯಿನಿಯ ಜೀವನವನ್ನು ವಾಚಕರ ಮುಂದಿಡಬೇಕೆಂಬುದಷ್ಟೇ ನನ್ನ ಆಸೆ. ಆಕೆಯೇ ಸೂಸನ್ ಬಿ. ಆಂಥೊನಿ.

ಸೂಸನ್ ಹುಟ್ಟಿದುದು 1820ನೆಯ ಇಸವಿ ಫೆಬ್ರವರಿ 15ರಂದು, ಮ್ಯಾಸಚೂಸೆಟ್ಸ್ ಸಂಸ್ಥಾನದ ಆಡಮ್ಸ್ ಎಂಬ ಊರಿನಲ್ಲಿ. ತಂದೆ ಡೇನಿಯಲ್ ಆಂಥೊನಿ ಹತ್ತಿಯ ಗಿರಣಿಯೊಂದನ್ನು ನಡೆಸುತ್ತಿದ್ದನು. ಅವನು ಕ್ವೇಕರ್ ಪಂಥಕ್ಕೆ ಸೇರಿದವನು. ಆಡಂಬರವನ್ನೊಲ್ಲದ, ಯುದ್ಧವನ್ನು ಒಪ್ಪದ, ಪ್ರಾರ್ಥನಾಸಭೆಯಲ್ಲಿ ಹೆಂಗಸರೂ ಎದ್ದು ಮಾತನಾಡಬಹುದೆಂದು ನಂಬಿದ ಪಂಥ ಅದು. ತಾಯಿ ಲೂಸಿ ಬೇರೆ ಪಂಥದವಳು. ಹಾಡು ಕುಣಿತಗಳಲ್ಲಿ ಪ್ರೀತಿಯಿದ್ದವಳು ಮದುವೆಯಾದ ಮೇಲೆ ಅವೆಲ್ಲವನ್ನೂ ಬಿಟ್ಟು ಮೌನವಾಗಿ ಸಂಸಾರ ನಡೆಸಿದಳು. 1826ರಲ್ಲಿ ಈ ಕುಟುಂಬ ನ್ಯೂಯಾರ್ಕ್ ಸಂಸ್ಥಾನದ ಬ್ಯಾಟನ್‌ವಿಲ್ ಎಂಬಲ್ಲಿಗೆ ಬಂದು ನೆಲೆಸಿತು. ಅಲ್ಲಿಯ ಶಾಲೆಯ ಮೇಷ್ಟರು ಹೆಣ್ಣುಮಗುವಿಗೆ ಭಾಗಾಕಾರದ ದೊಡ್ಡ ಲೆಕ್ಕಗಳನ್ನು ಹೇಳಿಕೊಡಲು ಒಪ್ಪಲಿಲ್ಲವಂತೆ. ಡೇನಿಯಲ್ ಜಗಳಕ್ಕೆ ಹೋಗಲಿಲ್ಲ. ಮಕ್ಕಳನ್ನು ಆ ಶಾಲೆಯಿಂದ ಬಿಡಿಸಿ, ಮನೆಯಲ್ಲಿಯೇ ಒಂದು ಶಾಲೆ ತೆರೆದು, ಓದಿದ ಉಪಾಧ್ಯಾಯಿನಿಯೊಬ್ಬಳನ್ನು ಕರೆಸಿದನು. ಸೂಸನ್ ಭಾಗಾಕಾರವನ್ನೂ ಕಲಿತಳು. ಹೆಂಗಸು ದುಡಿದು ತನ್ನ ಕಾಲ ಮೇಲೆ ನಿಲ್ಲಬಹುದೆಂಬುದನ್ನೂ ಕಣ್ಣಾರೆ ಕಂಡಳು.

ಈ ಸುಖ ಬಹುಕಾಲ ಉಳಿಯಲಿಲ್ಲ. 1837ರಲ್ಲಿ ಅಮೆರಿಕದಲ್ಲೆಲ್ಲ ವ್ಯಾಪಾರ ಕುಸಿದು ಬಿದ್ದಾಗ ಡೇನಿಯಲ್ ದಿವಾಳಿಯಾದನು. ಮನೆಯ ಸಾಮಾನುಗಳನ್ನೆಲ್ಲ ಹರಾಜಿಗೆ ಪಟ್ಟಿ ಮಾಡಿದರು. ಪಾತ್ರೆ ಪಡಗ, ಉಡುವ ಬಟ್ಟೆ, ಕೊನೆಗೆ ತಂದೆತಾಯಿಗಳ ಕನ್ನಡಕಗಳೂ ಆ ಪಟ್ಟಿಯಲ್ಲಿದ್ದವು. ತಾಯಿಗೆ ತವರಿನಿಂದ ಬಂದ ವಸ್ತುಗಳೂ ಗಂಡನ ಸಾಲಕ್ಕೆ ಹೋಗಬೇಕಾಯಿತು, ಏಕೆಂದರೆ ಅಂದಿನ ಕಾನೂನಿನಲ್ಲಿ ಮದುವೆಯಾದ ಹೆಂಗಸಿಗೆ ತನ್ನದೆಂಬುದು ಯಾವುದೂ ಇರಲಿಲ್ಲ. ಲೂಸಿಯ ಸೋದರ ಜೋಶುವಾ ರೀಡ್ ಹರಾಜಿನಲ್ಲಿ ಅವುಗಳಲ್ಲಿ ಮುಖ್ಯವಾದವನ್ನು ಕೂಗಿ ಕೊಂಡು ತಂಗಿಗೆ ಹಿಂದಿರುಗಿಸಿದನು. 1845ರಲ್ಲಿ ಈ ಕುಟುಂಬ ರಾಚೆಸ್ಟರ್ ಪಟ್ಟಣದ ಬಳಿ ಹೊಲವೊಂದನ್ನು ಕೊಂಡಾಗಲೂ, ಅದರಲ್ಲಿ ಲೂಸಿಯ ಪಿತ್ರಾರ್ಜಿತದ ಹಣವಿದ್ದರೂ, ಕ್ರಯಪತ್ರವನ್ನು ಸೋದರನ ಹೆಸರಿಗೇ ಮಾಡಿಸಬೇಕಾಯಿತು. ಅವಳ ಹೆಸರಿಗೆ ಬರೆದಿದ್ದರೆ ಅದು ಗಂಡನದಾಗುತ್ತಿತ್ತು, ಗಂಡನದಾದರೆ ಸಾಲಗಾರರದಾಗುತ್ತಿತ್ತು. ಕಾನೂನು ಬದಲಾದ ಮೇಲೆಯೇ ಆ ಹೊಲ ಲೂಸಿಯ ಹೆಸರಿಗೆ ಬಂದಿತು. ಸೂಸನ್ ಆಂಥೊನಿಯ ರಾಜಕೀಯ ಶಾಸ್ತ್ರದ ಮೊದಲ ಪಾಠಗಳು ಇವೇ ಎಂದು ನನಗೆ ತೋರುತ್ತದೆ. ಗ್ರಂಥಗಳನ್ನು ಓದಿ ಆಕೆ ಹಕ್ಕುಗಳ ವಿಚಾರಕ್ಕೆ ಬಂದವಳಲ್ಲ. ತಾಯಿಯ ಕನ್ನಡಕಕ್ಕೆ ಹರಾಜಿನವನು ಬೆಲೆ ಕಟ್ಟಲು ಬಂದುದನ್ನು ನೋಡಿ ಬಂದವಳು.

ಮನೆಗೆ ನೆರವಾಗಲೆಂದು ಸೂಸನ್ ಉಪಾಧ್ಯಾಯ ವೃತ್ತಿಗಿಳಿದಳು. 1846ರಿಂದ 1849ರವರೆಗೆ ಕ್ಯಾನಜೊಹ್ಯಾರಿ ಎಂಬ ಊರಿನ ಅಕಾಡೆಮಿಯಲ್ಲಿ ಹೆಣ್ಣುಮಕ್ಕಳ ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದಳು. ಮೊದಮೊದಲು ಪಾಠ ಹೇಳುತ್ತಿದ್ದಾಗ ಆಕೆಗೆ ವಾರಕ್ಕೆ ಎರಡೂವರೆ ಡಾಲರು. ಅದೇ ಕೆಲಸ ಮಾಡುವ ಗಂಡಸಿಗೆ ಅದರ ನಾಲ್ಕರಷ್ಟು. 1853ರಲ್ಲಿ ರಾಚೆಸ್ಟರಿನಲ್ಲಿ ಸಂಸ್ಥಾನದ ಉಪಾಧ್ಯಾಯರ ಸಮ್ಮೇಳನ ನೆರೆಯಿತು. ಬಂದವರಲ್ಲಿ ಹೆಂಗಸರೇ ಹೆಚ್ಚು. ಆದರೆ ಮಾತನಾಡುವವರೆಲ್ಲ ಗಂಡಸರು. ವಕೀಲರಿಗೂ ವೈದ್ಯರಿಗೂ ಸಲ್ಲುವ ಗೌರವ ಉಪಾಧ್ಯಾಯರಿಗೆ ಏಕೆ ಸಲ್ಲುತ್ತಿಲ್ಲವೆಂಬುದು ಚರ್ಚೆಯ ವಿಷಯ. ಸೂಸನ್ ಎದ್ದು ನಿಂತಳು. ಒಬ್ಬ ಹೆಂಗಸಿಗೆ ಮಾತನಾಡಲು ಅವಕಾಶ ಕೊಡಬಹುದೇ ಕೂಡದೇ ಎಂದು ಗಂಡಸರು ಅರ್ಧ ಗಂಟೆ ವಾದಿಸಿದರು. ಅಷ್ಟು ಹೊತ್ತೂ ಆಕೆ ನಿಂತೇ ಇದ್ದಳು. ಕೊನೆಗೆ ಅನುಮತಿ ದೊರೆತಾಗ ಆಕೆ ಹೇಳಿದುದು ಎರಡು ಮಾತು. ವಕೀಲಳಾಗಲು, ವೈದ್ಯಳಾಗಲು ಹೆಂಗಸಿಗೆ ಬುದ್ಧಿ ಸಾಲದು, ಪಾಠ ಹೇಳುವುದಕ್ಕೆ ಮಾತ್ರ ಸಾಕು ಎಂದು ಸಮಾಜ ನಂಬಿರುವವರೆಗೆ, ಈ ವೃತ್ತಿಯನ್ನು ಹಿಡಿದ ಪ್ರತಿಯೊಬ್ಬ ಗಂಡಸೂ ತನಗಿರುವುದು ಹೆಂಗಸಿನಷ್ಟೇ ಬುದ್ಧಿಯೆಂದು ತಾನೇ ಒಪ್ಪಿಕೊಂಡಂತಲ್ಲವೇ ಎಂದು ಕೇಳಿ ಕುಳಿತಳು. ಉಪಾಧ್ಯಾಯ ವೃತ್ತಿಯ ಗೌರವದ ಬಗ್ಗೆ ನಡೆದ ಚರ್ಚೆಗಳಲ್ಲಿ ಇದಕ್ಕಿಂತ ಮೊನಚಾದ ಭಾಷಣವನ್ನು ನಾನಂತೂ ಓದಿಲ್ಲ. ನಮ್ಮ ಅಧ್ಯಾಪಕವರ್ಗ ಕ್ಷಮಿಸಬೇಕು.

ಆಕೆ ಸಾರ್ವಜನಿಕ ಕಾರ್ಯಕ್ಕೆ ಕಾಲಿಟ್ಟುದು ಪಾನನಿರೋಧದ ಚಳವಳಿಯಿಂದ. ಕುಡುಕ ಗಂಡನ ಕೈಯಲ್ಲಿ ಸಿಕ್ಕ ಹೆಂಡತಿಗೆ ದುಡಿದ ಕೂಲಿಯೂ ತನ್ನದಲ್ಲ, ಹೆತ್ತ ಮಕ್ಕಳೂ ತನ್ನವರಲ್ಲವೆಂಬ ಕಾಲ ಅದು. 1852ರಲ್ಲಿ ಆಲ್ಬನಿಯಲ್ಲಿ ನಡೆದ ಪಾನನಿರೋಧ ಸಭೆಯಲ್ಲಿ ಆಕೆ ಮಾತನಾಡಲೆದ್ದಾಗ, ಹೆಂಗಸರನ್ನು ಕರೆದಿರುವುದು ಕೇಳಿ ಕಲಿಯಲಿಕ್ಕೆಂದು ಅಧ್ಯಕ್ಷರು ಕೂರಿಸಿದರು. ಆಕೆ ಸಭೆಯಿಂದ ಹೊರಬಿದ್ದು ಹೆಂಗಸರದೇ ಬೇರೆ ಸಂಘವನ್ನು ಕಟ್ಟಿದಳು. ಮದ್ಯದ ಮಾರಾಟಕ್ಕೆ ಕಟ್ಟು ಹಾಕಬೇಕೆಂದು 28,000 ಸಹಿಗಳ ಅರ್ಜಿಯೊಂದು ಶಾಸನಸಭೆಯ ಮುಂದೆ ಹೋಯಿತು. ಸಹಿ ಹಾಕಿದವರಲ್ಲಿ ಹೆಚ್ಚಿನವರು ಹೆಂಗಸರು ಮಕ್ಕಳು ಎಂಬ ಕಾರಣಕ್ಕೆ ಸಭೆ ಅದನ್ನು ತಳ್ಳಿಹಾಕಿತು. ಶಾಸಕರು ಕ್ರೂರಿಗಳೆಂದಲ್ಲ, ಆ 28,000 ಜನರಲ್ಲಿ ಬಹುಪಾಲಿನವರು ಮುಂದಿನ ಚುನಾವಣೆಯಲ್ಲಿ ಅವರನ್ನು ಗೆಲ್ಲಿಸಲಾರರು, ಸೋಲಿಸಲಾರರು. ಈ ಲೆಕ್ಕ ಸೂಸನ್‌ಗೆ ಅಂದು ಸ್ಪಷ್ಟವಾಯಿತು. ಮತವಿಲ್ಲದವನ ಅರ್ಜಿ ಬೇಡಿಕೆಯಲ್ಲ, ಬರಿಯ ಬೇಡುವಿಕೆ.

1851ರಲ್ಲಿಯೇ ಆಕೆಗೆ ಸೆನೆಕಾ ಫಾಲ್ಸ್ ಎಂಬ ಊರಿನ ಬೀದಿಯಲ್ಲಿ ಎಲಿಜಬೆತ್ ಕೇಡಿ ಸ್ಟ್ಯಾಂಟನ್ ಎಂಬ ಮಹಿಳೆಯ ಪರಿಚಯವಾಗಿತ್ತು. 1848ರಲ್ಲಿ ಅದೇ ಊರಿನಲ್ಲಿ ಸ್ತ್ರೀಯರ ಹಕ್ಕುಗಳಿಗಾಗಿ ಪ್ರಥಮ ಸಮ್ಮೇಳನವನ್ನು ಕೂಡಿಸಿದವರಲ್ಲಿ ಈಕೆಯೂ ಒಬ್ಬಳು. ಸ್ಟ್ಯಾಂಟನ್ ಏಳು ಮಕ್ಕಳ ತಾಯಿಯಾದಳು. ಸೂಸನ್ ಕೊನೆಯವರೆಗೂ ಅವಿವಾಹಿತೆ. ಒಬ್ಬಳು ಬರೆಯುವವಳು, ಇನ್ನೊಬ್ಬಳು ಊರೂರು ತಿರುಗುವವಳು. ಸ್ಟ್ಯಾಂಟನ್‌ಗೆ ಭಾಷಣ ಬರೆಯಲು ಬಿಡುವಾಗಲೆಂದು ಸೂಸನ್ ಅವಳ ಮನೆಗೆ ಹೋಗಿ ಮಕ್ಕಳನ್ನು ನೋಡಿಕೊಂಡು ಒಲೆಯ ಮುಂದೆ ನಿಲ್ಲುತ್ತಿದ್ದಳು. ಆಮೇಲೆ ಆ ಭಾಷಣವನ್ನು ಹೊತ್ತು ಊರುಗಳಿಗೆ ಹೊರಡುತ್ತಿದ್ದಳು. ಅರ್ಧ ಶತಮಾನ ನಡೆದ ಈ ಸ್ನೇಹ 1902ರಲ್ಲಿ ಸ್ಟ್ಯಾಂಟನ್ ತೀರಿಕೊಳ್ಳುವವರೆಗೂ ಬಾಳಿತು.

1854ರ ಕ್ರಿಸ್‌ಮಸ್ಸಿನ ಹೊತ್ತಿಗೆ ಆರಂಭಿಸಿ, ಕೊರೆಯುವ ಚಳಿಗಾಲದಲ್ಲಿ ಸೂಸನ್ ನ್ಯೂಯಾರ್ಕ್ ಸಂಸ್ಥಾನದ ಜಿಲ್ಲೆಗಳನ್ನು ಒಂದೊಂದಾಗಿ ಸುತ್ತಿದಳು. ರೈಲು ಇಲ್ಲದೆಡೆ ಹಿಮದ ಮೇಲೆ ಜಾರುವ ಕುದುರೆಗಾಡಿ. ಮದುವೆಯಾದ ಹೆಂಗಸಿಗೆ ತನ್ನ ಕೂಲಿಯ ಮೇಲೆ ಅಧಿಕಾರವಿರಬೇಕು, ತನ್ನ ಮಕ್ಕಳ ಮೇಲೆ ಗಂಡನೊಡನೆ ಸಮಾನ ಹೊಣೆಯಿರಬೇಕು ಎಂದು ಮನೆಮನೆಯ ಬಾಗಿಲು ತಟ್ಟಿ ಸಹಿ ಪಡೆದಳು. ತಮ್ಮ ಹಕ್ಕುಗಳನ್ನು ನೋಡಿಕೊಳ್ಳಲು ಗಂಡಂದಿರಿದ್ದಾರೆಂದು ಬಾಗಿಲು ಹಾಕಿಕೊಂಡ ಹೆಂಗಸರೂ ಇದ್ದರು. ಆರು ವರ್ಷಗಳ ದುಡಿಮೆಯ ಮೇಲೆ 1860ರಲ್ಲಿ ಕಾನೂನು ಆಯಿತು. ಮರುವರ್ಷ ಅಂತರ್ಯುದ್ಧ ಆರಂಭವಾಗಿ, ಹೆಂಗಸರು ತಮ್ಮ ಚಳವಳಿಯನ್ನು ಬದಿಗಿಟ್ಟು ಯುದ್ಧದ ಶುಶ್ರೂಷೆಗೆ ನಿಂತರು. ಅವರು ಅತ್ತ ತಿರುಗಿದ ಸಮಯ ನೋಡಿ 1862ರಲ್ಲಿ ಅದೇ ಶಾಸನಸಭೆ ಮಕ್ಕಳ ಪೋಷಣಾಧಿಕಾರಕ್ಕೆ ಸಂಬಂಧಿಸಿದ ಭಾಗವನ್ನು ಸದ್ದಿಲ್ಲದೆ ತೆಗೆದುಹಾಕಿತು. ದಯೆಯಿಂದ ಕೊಟ್ಟ ಹಕ್ಕನ್ನು ಮರೆವಿನಲ್ಲಿ ಹಿಂದೆ ಪಡೆಯಬಹುದೆಂಬುದು ಸೂಸನ್‌ಗೆ ಎರಡನೆಯ ಪಾಠವಾಯಿತು.

ಗುಲಾಮಗಿರಿಯ ವಿರುದ್ಧವೂ ಆಕೆ ಅಷ್ಟೇ ದುಡಿದಳೆಂಬುದನ್ನು ಹೇಳಲೇಬೇಕು. ರಾಚೆಸ್ಟರಿನ ಅವರ ಹೊಲದ ಮನೆಗೆ ಭಾನುವಾರಗಳಂದು ಬರುತ್ತಿದ್ದ ಅತಿಥಿಗಳಲ್ಲಿ, ದಾಸ್ಯದಿಂದ ತಪ್ಪಿಸಿಕೊಂಡು ಬಂದು ಮಹಾ ವಾಗ್ಮಿಯೂ ಪತ್ರಿಕಾಕರ್ತನೂ ಆದ ಫ್ರೆಡರಿಕ್ ಡಗ್ಲಾಸ್ ಒಬ್ಬನು. 1861ರಲ್ಲಿ ಸಿರಾಕ್ಯೂಸ್ ಪಟ್ಟಣದಲ್ಲಿ ಪುಂಡರ ಗುಂಪು ಸೂಸನ್‌ಳ ಪ್ರತಿಕೃತಿಯನ್ನು ಬೀದಿಯಲ್ಲಿ ಎಳೆದು ಸುಟ್ಟಿತು. ಯುದ್ಧಕಾಲದಲ್ಲಿ ಆಕೆಯೂ ಸ್ಟ್ಯಾಂಟನ್‌ಳೂ ಸೇರಿ ಗುಲಾಮಗಿರಿಯನ್ನು ಸಂವಿಧಾನದಿಂದಲೇ ನಿಷೇಧಿಸಬೇಕೆಂದು ಸುಮಾರು ನಾಲ್ಕು ಲಕ್ಷ ಸಹಿಗಳನ್ನು ಕೂಡಿಸಿದರು. 1865ರಲ್ಲಿ ಆ ನಿಷೇಧ ಬಂದಿತು.

ಆ ಬಳಿಕ ಬಂದುದು ಆಕೆಯ ಜೀವನದ ಕಹಿಯಾದ ಅಧ್ಯಾಯ. ಬಿಡುಗಡೆಯಾದ ಕರಿಯ ಗಂಡಸರಿಗೆ ಮತ ಕೊಡುವ ಪ್ರಶ್ನೆ ಎದ್ದಿತು. 1868ರ ಹದಿನಾಲ್ಕನೆಯ ತಿದ್ದುಪಡಿ, ಈ ದೇಶದಲ್ಲಿ ಹುಟ್ಟಿದವರೆಲ್ಲ ಪೌರರೆಂದು ಸಾರಿತು. ಆದರೆ ಮತದಾರರ ಮಾತು ಬಂದೆಡೆ ಪುರುಷ ಎಂಬ ಶಬ್ದವನ್ನು ಮೊದಲ ಬಾರಿಗೆ ಸಂವಿಧಾನದೊಳಗೆ ತಂದಿತು. 1870ರ ಹದಿನೈದನೆಯ ತಿದ್ದುಪಡಿ ವರ್ಣದ ಕಾರಣದಿಂದ ಮತವನ್ನು ನಿರಾಕರಿಸಬಾರದೆಂದಿತು, ಲಿಂಗದ ಮಾತೆತ್ತಲಿಲ್ಲ. ಹೆಂಗಸರ ಸರದಿ ಆಮೇಲೆ ಬರಲಿ ಎಂದು ಹಳೆಯ ಸ್ನೇಹಿತರೆಲ್ಲ ಹೇಳಿದರು. ದಕ್ಷಿಣದಲ್ಲಿ ಕರಿಯರನ್ನು ಮನೆಗಳಿಂದ ಎಳೆದು ಕೊಲ್ಲುತ್ತಿರುವಾಗ ಅವರಿಗೆ ಮತವು ಪ್ರಾಣದ ಪ್ರಶ್ನೆಯೆಂದು ಡಗ್ಲಾಸ್ 1869ರ ಸಭೆಯಲ್ಲಿ ವಾದಿಸಿದನು. ಸೂಸನ್ ಒಪ್ಪಲಿಲ್ಲ. ಇಬ್ಬರಿಗೂ ಒಟ್ಟಿಗೆ ಸಿಗದಿದ್ದರೆ ಆ ತಿದ್ದುಪಡಿಯೇ ಬೇಡವೆಂದು ವಿರೋಧಿಸಿದಳು. ಅಷ್ಟೇ ಆಗಿದ್ದರೆ ಅದೊಂದು ತತ್ತ್ವದ ಹಟವೆನ್ನಬಹುದಿತ್ತು. ಆದರೆ ವಾದದ ಬಿಸಿಯಲ್ಲಿ ಆಕೆಯೂ, ಆಕೆಗಿಂತ ಹೆಚ್ಚಾಗಿ ಸ್ಟ್ಯಾಂಟನ್‌ಳೂ, ಓದಿದ ಬಿಳಿಯ ಹೆಂಗಸು ಹೆಚ್ಚು, ಓದದ ಕರಿಯ ಗಂಡಸು ಕಡಿಮೆ ಎನ್ನುವ ಧಾಟಿಗೆ ಇಳಿದರು. ತಮ್ಮ ಪತ್ರಿಕೆಗೆ ಕರಿಯರನ್ನು ಹೀಗಳೆಯುವ ಧನಿಕನೊಬ್ಬನ ಹಣವನ್ನು ತೆಗೆದುಕೊಂಡರು. ಚಳವಳಿ ಎರಡು ಹೋಳಾಯಿತು. ಮತ್ತೆ ಕೂಡಲು 1890 ಬರಬೇಕಾಯಿತು.

ಇಲ್ಲಿ ಆಕೆಯ ಪಕ್ಷವನ್ನು ವಹಿಸಲು ನನಗೆ ಸಾಧ್ಯವಿಲ್ಲ. 1895ರ ಆರಂಭದಲ್ಲಿ ದಕ್ಷಿಣದ ಅಟ್ಲಾಂಟಾದಲ್ಲಿ ಸಮ್ಮೇಳನ ನಡೆದಾಗ, ಅಲ್ಲಿಯ ಬಿಳಿಯ ಹೆಂಗಸರಿಗೆ ಮುಜುಗರವಾದೀತೆಂದು ತನ್ನ ಹಳೆಯ ಮಿತ್ರ ಡಗ್ಲಾಸನಿಗೆ ಬರಬೇಡವೆಂದು ಆಕೆಯೇ ಹೇಳಿಕಳುಹಿಸಿದಳು. ಅದೇ ಫೆಬ್ರವರಿ 20ರಂದು ವಾಷಿಂಗ್ಟನ್ನಿನಲ್ಲಿ ಮಹಿಳೆಯರ ಸಭೆಯೊಂದಕ್ಕೆ ಡಗ್ಲಾಸ್ ಬಂದನು. ಆಕೆ ಅವನನ್ನು ವೇದಿಕೆಗೆ ಕರೆದೊಯ್ದು ಕೂರಿಸಿದಳು. ಸಭೆ ಮುಗಿಸಿ ಮನೆಗೆ ಹೋದ ಡಗ್ಲಾಸ್ ಅಂದು ಸಂಜೆಯೇ ಹೃದಯ ನಿಂತು ತೀರಿಕೊಂಡನು. ಸ್ನೇಹ ಉಳಿದಿತ್ತೆನ್ನಲು ಇದು ಸಾಕು. ಮಾಡಿದುದು ಸರಿಯೆನ್ನಲು ಸಾಲದು. ತನ್ನ ಪಾಲಿನ ನ್ಯಾಯಕ್ಕಾಗಿ ಕಾದಾಡುವವರು ಪಕ್ಕದವನ ಪಾಲನ್ನು ಕಿರಿದಾಗಿಸಿ ನೋಡುವುದು ಎಲ್ಲ ದೇಶಗಳಲ್ಲಿಯೂ ಉಂಟು, ನಮ್ಮಲ್ಲಿಯೂ ಕಡಿಮೆಯೇನಿಲ್ಲ.

ಆ ಪತ್ರಿಕೆಯ ಹೆಸರು ದಿ ರೆವಲ್ಯೂಷನ್. 1868ರ ಜನವರಿಯಲ್ಲಿ ಆರಂಭವಾಗಿ, ಎರಡೂವರೆ ವರ್ಷದಲ್ಲಿ ಸಾಲದಲ್ಲಿ ಮುಳುಗಿತು. 1870ರಲ್ಲಿ ಸೂಸನ್ ಅದನ್ನು ಒಂದು ಡಾಲರಿಗೆ ಮಾರಿ, ಹತ್ತು ಸಾವಿರ ಡಾಲರುಗಳ ಸಾಲವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಳು. ತಂದೆಯ ದಿವಾಳಿಯನ್ನು ಕಂಡವಳು ದಿವಾಳಿಯ ದಾರಿಯನ್ನು ಹಿಡಿಯಲಿಲ್ಲ. ಆರು ವರ್ಷ ಊರೂರಿಗೆ ತಿರುಗಿ ಭಾಷಣ ಮಾಡಿ, ಬಂದ ಹಣವನ್ನೆಲ್ಲ ಕಟ್ಟಿ, 1876ರಲ್ಲಿ ಕೊನೆಯ ಕಾಸನ್ನು ತೀರಿಸಿದಳು.

ಈ ಆರು ವರ್ಷಗಳ ನಡುವೆಯೇ ಆಕೆಯ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿದ ಪ್ರಸಂಗ ನಡೆಯಿತು. ಹದಿನಾಲ್ಕನೆಯ ತಿದ್ದುಪಡಿಯನ್ನು ಸೂಸನ್ ಮತ್ತೆ ಮತ್ತೆ ಓದಿದಳು. ಇಲ್ಲಿ ಹುಟ್ಟಿದವರೆಲ್ಲ ಪೌರರು. ಪೌರರ ಹಕ್ಕುಗಳನ್ನು ಯಾವ ಸಂಸ್ಥಾನವೂ ಕುಂದಿಸಕೂಡದು. ಹೆಂಗಸೂ ಇಲ್ಲಿಯೇ ಹುಟ್ಟಿದವಳಲ್ಲವೇ? ಹಾಗಾದರೆ ಮತವನ್ನು ಕೇಳುವುದೇಕೆ, ಅದು ಆಗಲೇ ತನ್ನದಾಗಿದೆ. ಹೆನ್ರಿ ಸೆಲ್ಡನ್ ಎಂಬ ಹಿರಿಯ ನ್ಯಾಯವಾದಿ ಈ ತರ್ಕದಲ್ಲಿ ಹುರುಳಿದೆಯೆಂದನು. 1872ರ ನವೆಂಬರ್ 1ರಂದು ಸೂಸನ್ ತನ್ನ ಮೂವರು ಸೋದರಿಯರನ್ನು ಕರೆದುಕೊಂಡು, ರಾಚೆಸ್ಟರಿನ ತನ್ನ ವಾರ್ಡಿನಲ್ಲಿ ಮತದಾರರ ಹೆಸರು ಬರೆದುಕೊಳ್ಳುತ್ತಿದ್ದ ಸ್ಥಳಕ್ಕೆ ಹೋದಳು. ಅದೊಂದು ಕ್ಷೌರದಂಗಡಿ. ಕುಳಿತಿದ್ದ ಅಧಿಕಾರಿಗಳು ಎಳೆಯ ವಯಸ್ಸಿನವರು, ಆಗುವುದಿಲ್ಲವೆಂದರು. ಆಕೆ ತಿದ್ದುಪಡಿಯನ್ನು ಓದಿ ಹೇಳಿದಳು, ನಿರಾಕರಿಸಿದರೆ ದಾವಾ ಹೂಡುವೆನೆಂದಳು, ಬರೆದುಕೊಂಡುದರಿಂದ ಅವರಿಗೆ ತೊಂದರೆ ಬಂದರೆ ಖರ್ಚನ್ನು ತಾನೇ ಭರಿಸುವೆನೆಂದಳು. ಬಹಳ ಹೊತ್ತು ಯೋಚಿಸಿ ಅವರು ಹೆಸರು ಬರೆದುಕೊಂಡರು. ನವೆಂಬರ್ 5ರಂದು ಬೆಳಿಗ್ಗೆ ಆಕೆ ಮತ ಕೊಟ್ಟಳು. ಅದೇ ವಾರ್ಡಿನಲ್ಲಿ ಇನ್ನೂ ಹದಿನಾಲ್ಕು ಮಂದಿ ಹೆಂಗಸರು ಕೊಟ್ಟರು.

ಎರಡು ವಾರ ಕಳೆಯುವಷ್ಟರಲ್ಲಿ, ನವೆಂಬರ್ 18ರಂದು, ಆಕೆಯ ಮನೆಗೆ ಸರ್ಕಾರದ ಡೆಪ್ಯುಟಿ ಮಾರ್ಷಲ್ ಬಂದನು. ಪಾಪ, ಸಂಭಾವಿತ ಮನುಷ್ಯ. ಮನೆಯ ಹಜಾರದಲ್ಲಿ ಕುಳಿತು ಹವೆಯ ಮಾತನ್ನಾಡಿದನು. ಬಂದ ಕೆಲಸ ಹೇಳಲು ನಾಚಿದನು. ತಾವಾಗಿಯೇ ಕಚೇರಿಗೆ ಬಂದರೆ ಸಾಕೆಂದನು. ಗಂಡಸನ್ನಾದರೆ ಹೇಗೆ ಹಿಡಿದೊಯ್ಯುತ್ತೀರೋ ಹಾಗೆಯೇ ತನ್ನನ್ನೂ ಒಯ್ಯಬೇಕೆಂದು ಸೂಸನ್ ಕೈಗಳನ್ನು ಬೇಡಿಗೆ ಮುಂದೊಡ್ಡಿದಳು. ಅವನು ಬೇಡಿ ಹಾಕಲಿಲ್ಲ. ಟ್ರಾಂ ಗಾಡಿಯಲ್ಲಿ ಕಂಡಕ್ಟರ್ ಹಣ ಕೇಳಿದಾಗ, ತಾನು ಸರ್ಕಾರದ ಖರ್ಚಿನಲ್ಲಿ ಪ್ರಯಾಣ ಮಾಡುತ್ತಿರುವುದಾಗಿ ಎಲ್ಲರಿಗೂ ಕೇಳುವಂತೆ ಹೇಳಿ ಮಾರ್ಷಲನನ್ನು ತೋರಿಸಿದಳು. ಯಾವ ಕಾನೂನಿನ ಮೇಲೆ ಆಕೆಯನ್ನು ಹಿಡಿದರೆಂಬುದು ಗಮನಿಸತಕ್ಕ ಸಂಗತಿ. ದಕ್ಷಿಣದಲ್ಲಿ ಕರಿಯರು ನಿರ್ಭಯವಾಗಿ ಮತ ಕೊಡಲೆಂದು 1870ರಲ್ಲಿ ಮಾಡಿದ ಕಾನೂನಿನ ಒಂದು ಕಲಮೇ ಇಲ್ಲಿ ಹೆಂಗಸು ಮತ ಕೊಟ್ಟಳೆಂದು ಹಿಡಿಯಲು ಉಪಯೋಗಕ್ಕೆ ಬಂದಿತು.

ಜಾಮೀನು ಕೊಡಲು ಆಕೆ ಒಪ್ಪಲಿಲ್ಲ. ಸೆರೆಮನೆಗೆ ಹೋದರೆ ಆ ಸೆರೆಯನ್ನೇ ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬಹುದೆಂಬುದು ಆಕೆಯ ಯೋಜನೆ. ಆದರೆ ಗೌರವಸ್ಥ ಹೆಂಗಸನ್ನು ಸೆರೆಯಲ್ಲಿ ನೋಡಲಾರದೆ ವಕೀಲ ಸೆಲ್ಡನ್ ತಾನೇ ಹಣ ಕಟ್ಟಿಬಿಟ್ಟನು. ಆ ದಾರಿ ಅಲ್ಲಿಗೆ ಮುಚ್ಚಿತು. ಮರ್ಯಾದೆಯೂ ಒಮ್ಮೊಮ್ಮೆ ಬೇಡಿಗಿಂತ ಬಲವಾಗಿ ಕಟ್ಟುತ್ತದೆ.

ವಿಚಾರಣೆಗೆ ಮೊದಲು ಸಿಕ್ಕ ತಿಂಗಳುಗಳಲ್ಲಿ ಸೂಸನ್ ಸುಮ್ಮನಿರಲಿಲ್ಲ. ಮನ್ರೋ ಜಿಲ್ಲೆಯ 29 ಊರುಗಳಲ್ಲಿಯೂ ನಿಂತು, ಪೌರಳು ಮತ ಕೊಡುವುದು ಅಪರಾಧವೇ ಎಂದು ಜನರನ್ನು ಕೇಳಿದಳು. ಜ್ಯೂರಿಗೆ ಬರುವ ಜನರೆಲ್ಲ ಆಕೆಯ ಮಾತು ಕೇಳಿಬಿಟ್ಟರೆಂದು ಸರ್ಕಾರ ಮೊಕದ್ದಮೆಯನ್ನು ಪಕ್ಕದ ಜಿಲ್ಲೆಯ ಕ್ಯಾನನ್‌ಡೈಗ್ವಾ ಎಂಬ ಊರಿಗೆ ವರ್ಗಾಯಿಸಿತು. ಆಕೆ ಆ ಜಿಲ್ಲೆಗೂ ಹೋಗಿ ಭಾಷಣ ಮಾಡಿದಳು!

1873ರ ಜೂನ್ 17ರಂದು ವಿಚಾರಣೆ ಆರಂಭವಾಯಿತು. ಮಾಜಿ ಅಧ್ಯಕ್ಷ ಫಿಲ್‌ಮೋರ್ ಕೂಡ ನೋಡಲು ಬಂದಿದ್ದನು. ನ್ಯಾಯಾಧೀಶ ವಾರ್ಡ್ ಹಂಟ್, ಸರ್ವೋಚ್ಚ ನ್ಯಾಯಾಲಯಕ್ಕೆ ಹೊಸದಾಗಿ ಏರಿದವನು. ಆಪಾದಿತಳು ತನ್ನ ಪರವಾಗಿ ಸಾಕ್ಷ್ಯ ಹೇಳಲು ಬಿಡಲಿಲ್ಲ. ಸೆಲ್ಡನ್ ಮೂರು ಗಂಟೆಗಳ ಕಾಲ ವಾದಿಸಿದನು. ಅದು ಮುಗಿದೊಡನೆ ಹಂಟ್ ಜೇಬಿನಿಂದ ಕಾಗದವೊಂದನ್ನು ತೆಗೆದು ಓದಿದನು. ತೀರ್ಪು ವಾದಕ್ಕೆ ಮೊದಲೇ ಬರೆದಾಗಿತ್ತು. ಅಪರಾಧಿಯೆಂದು ಹೇಳಿರೆಂದು ಜ್ಯೂರಿಗೆ ಅಪ್ಪಣೆಯಾಯಿತು. ಒಬ್ಬೊಬ್ಬರ ಅಭಿಪ್ರಾಯವನ್ನು ಕೇಳಿರೆಂದು ವಕೀಲ ಬೇಡಿದರೂ ಕೇಳದೆ ಅವರನ್ನು ಕಳುಹಿಸಿದರು. ಹನ್ನೆರಡು ಜನ ಗಂಡಸರು ಬಾಯಿ ತೆರೆಯದೆ ಎದ್ದು ಹೋದರು. ಅಂದು ಆ ಜ್ಯೂರಿಯವರ ಹಕ್ಕೂ ಆಕೆಯ ಹಕ್ಕಿನೊಡನೆಯೇ ಹೋಯಿತೆಂಬುದನ್ನು ಅವರಲ್ಲಿ ಎಷ್ಟು ಜನ ಯೋಚಿಸಿದರೋ!

ಮರುದಿನ ಶಿಕ್ಷೆ ವಿಧಿಸುವ ಮುನ್ನ, ಪದ್ಧತಿಯಂತೆ, ಹೇಳುವುದೇನಾದರೂ ಉಂಟೇ ಎಂದು ಹಂಟ್ ಕೇಳಿದನು. ಆ ಒಂದು ಪ್ರಶ್ನೆಯನ್ನು ಕೇಳಿದುದಕ್ಕೆ ಅವನು ಬಹಳ ಪಶ್ಚಾತ್ತಾಪಪಟ್ಟಿರಬೇಕು. ಆಕೆ ಮಾತಾಡತೊಡಗಿದಳು, ಸಾಕೆಂದನು, ನಿಲ್ಲಿಸಲಿಲ್ಲ. ಕುಳಿತುಕೊಳ್ಳಬೇಕೆಂದು ಮತ್ತೆ ಮತ್ತೆ ಆಜ್ಞೆ ಮಾಡಿದನು, ಕುಳಿತುಕೊಳ್ಳಲಿಲ್ಲ. ತನ್ನನ್ನು ವಿಚಾರಿಸಿದ ಕಾನೂನನ್ನು ಮಾಡಿದವರು ಗಂಡಸರು, ಅರ್ಥ ಹೇಳಿದವರು ಗಂಡಸರು, ತೀರ್ಪು ಕೊಟ್ಟವರು ಗಂಡಸರು. ತನಗೆ ಸಮಾನರಾದವರು ಆ ನ್ಯಾಯಾಲಯದಲ್ಲಿ ಯಾರೂ ಇಲ್ಲವೆಂಬುದೇ ಆಕೆಯ ಮಾತಿನ ಸಾರ. ಓಡಿಬಂದ ಗುಲಾಮನಿಗೆ ಒಂದು ಲೋಟ ನೀರು ಕೊಡುವುದೂ ಒಂದು ಕಾಲದಲ್ಲಿ ಕಾನೂನಿನ ಕಣ್ಣಿಗೆ ಅಪರಾಧವಾಗಿತ್ತೆಂದು ನೆನಪಿಸಿದಳು. ಹಂಟ್ ನೂರು ಡಾಲರು ಜುಲ್ಮಾನೆಯನ್ನೂ ಖರ್ಚನ್ನೂ ವಿಧಿಸಿದನು. ಒಂದು ಡಾಲರನ್ನೂ ಕೊಡಲಾರೆನೆಂದು ಆಕೆ ಅಲ್ಲಿಯೇ ತಿಳಿಸಿದಳು. ಆಗ ನ್ಯಾಯಾಧೀಶನು ಜಾಣತನ ತೋರಿಸಿದನು: ಹಣ ಕಟ್ಟುವವರೆಗೆ ಸೆರೆಯಲ್ಲಿಡಬೇಕೆಂದು ತಾನು ಹೇಳುವುದಿಲ್ಲವೆಂದನು. ಕೇಳಲು ಇದು ಕರುಣೆ. ಆದರೆ ಸೆರೆಯಿಲ್ಲದೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗುವ ಬಾಗಿಲಿಲ್ಲ. ಮೊಕದ್ದಮೆ ಅಲ್ಲಿಯೇ ಸತ್ತಿತು.

ಆಕೆಯ ಹೆಸರನ್ನು ಬರೆದುಕೊಂಡ ಆ ಎಳೆಯ ಅಧಿಕಾರಿಗಳಿಗೆ ತಲಾ 25 ಡಾಲರು ಜುಲ್ಮಾನೆಯಾಯಿತು. ಹಣ ಕೊಡಲೊಲ್ಲದೆ 1874ರ ಫೆಬ್ರವರಿಯಲ್ಲಿ ಸೆರೆಮನೆ ಸೇರಿದರು. ಮತ ಕೊಟ್ಟ ಹೆಂಗಸರು ಅಲ್ಲಿಗೆ ದಿನವೂ ಅಡಿಗೆ ಮಾಡಿ ಒಯ್ದರು. ಅಧ್ಯಕ್ಷ ಗ್ರಾಂಟ್ ಕ್ಷಮೆ ಕೊಟ್ಟು ಬಿಡಿಸಿದನು. ಸೂಸನ್ ಅಂದು ಮತ ಕೊಟ್ಟಿದ್ದುದು ಗ್ರಾಂಟನ ಪಕ್ಷಕ್ಕೇ. 1875ರಲ್ಲಿ ಮಿಸ್ಸೂರಿಯ ವರ್ಜೀನಿಯಾ ಮೈನರ್ ಎಂಬಾಕೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಪೌರತ್ವ ಬೇರೆ, ಮತದ ಹಕ್ಕು ಬೇರೆಯೆಂದು ಒಮ್ಮತದಿಂದ ಹೇಳಿತು. ಸಂವಿಧಾನದ ಅರ್ಥವನ್ನು ವಿಸ್ತರಿಸುವ ದಾರಿ ಮುಚ್ಚಿದ ಮೇಲೆ ಉಳಿದುದು ಸಂವಿಧಾನವನ್ನೇ ತಿದ್ದುವ ದಾರಿ. 1878ರಲ್ಲಿ ಅಂತಹ ಮಸೂದೆ ಸೆನೆಟ್ಟಿಗೆ ಬಂದಿತು. 1887ರಲ್ಲಿ ಮತಕ್ಕೆ ಹಾಕಿದಾಗ 16ರ ಎದುರು 34ರಿಂದ ಬಿದ್ದುಹೋಯಿತು. ಆಮೇಲಿನ ವರ್ಷಗಳೆಲ್ಲ ರೈಲುಗಾಡಿ, ಸಭೆ, ಅರ್ಜಿ, ಸೋಲು, ಮತ್ತೆ ರೈಲುಗಾಡಿ. ಎಪ್ಪತ್ತನೆಯ ವಯಸ್ಸಿನಲ್ಲಿ ದಕ್ಷಿಣ ಡಕೋಟದ ಬಯಲುಗಳಲ್ಲಿ ಪ್ರಚಾರ ಮಾಡಿ ಸೋತಳು. ಎಪ್ಪತ್ತಾರರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸೋತಳು.

ಕಾಲೇಜಿನ ಪತ್ರಿಕೆಯಲ್ಲಿ ಬರೆಯುವಾಗ ಇನ್ನೊಂದು ಸಂಗತಿಯನ್ನು ಬಿಡಲಾಗದು. ರಾಚೆಸ್ಟರ್ ವಿಶ್ವವಿದ್ಯಾನಿಲಯಕ್ಕೆ ಹೆಣ್ಣುಮಕ್ಕಳನ್ನು ಸೇರಿಸುತ್ತಿರಲಿಲ್ಲ. ಬಹಳ ಒತ್ತಾಯದ ಮೇಲೆ, ಐವತ್ತು ಸಾವಿರ ಡಾಲರು ನಿಧಿ ಕೂಡಿಸಿ ತಂದರೆ ಸೇರಿಸುವೆವೆಂದು ಆಡಳಿತ ಮಂಡಳಿ ಹೇಳಿತು. 1900ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಗಡುವು ಮುಗಿಯಲು ಒಂದು ದಿನವಿದ್ದಾಗ ಇನ್ನೂ ಎಂಟು ಸಾವಿರ ಕಡಿಮೆಯಿದೆಯೆಂದು ಸೂಸನ್‌ಗೆ ತಿಳಿಯಿತು. ಎಂಬತ್ತು ವರ್ಷದ ಮುದುಕಿ ಗಾಡಿ ಕಟ್ಟಿಸಿಕೊಂಡು ಬಿಸಿಲಿನಲ್ಲಿ ಮನೆಮನೆಗೆ ಹೋದಳು. ತಂಗಿ ಮೇರಿ, ಉಯಿಲಿನಲ್ಲಿ ಬಿಟ್ಟುಹೋಗಬೇಕೆಂದಿದ್ದ ಎರಡು ಸಾವಿರವನ್ನು ಅಂದೇ ಕೊಟ್ಟಳು. ಈ ಮೇರಿಯೂ ಸಾಮಾನ್ಯಳಲ್ಲ. ಮತವಿಲ್ಲದ ತಾನು ತೆರಿಗೆ ಕೊಡುವುದನ್ನು ಪ್ರತಿಭಟಿಸುತ್ತೇನೆಂದು ತೆರಿಗೆಯೊಡನೆ ಬರೆದು ಕಳುಹಿಸುತ್ತಿದ್ದವಳು. ಕೊನೆಗೆ ಉಳಿದ ಎರಡು ಸಾವಿರಕ್ಕೆ ಸೂಸನ್ ತನ್ನ ಜೀವವಿಮೆಯನ್ನೇ ಒಪ್ಪಿಸಿದಳು. ಆ ವರ್ಷವೇ ಹೆಣ್ಣುಮಕ್ಕಳು ತರಗತಿಯಲ್ಲಿ ಕುಳಿತರು. ಕೆಲವು ದಿನಗಳಲ್ಲಿ ಆಕೆಗೆ ಲಕ್ವದ ಹೊಡೆತ ತಗುಲಿತು. ಚೇತರಿಸಿಕೊಂಡು ಆಕೆ ಮತ್ತೆ ಓಡಾಡಿದಳು.

1906ರ ಫೆಬ್ರವರಿಯಲ್ಲಿ ಬಾಲ್ಟಿಮೋರಿನ ಸಮ್ಮೇಳನಕ್ಕೆ ಕಾಯಿಲೆಯಲ್ಲಿಯೇ ಹೋಗಿಬಂದವಳು ಮಾರ್ಚ್ 13ರಂದು ರಾಚೆಸ್ಟರಿನ ತನ್ನ ಮನೆಯಲ್ಲಿ ತೀರಿಕೊಂಡಳು. ವಯಸ್ಸು 86. ಅಂದಿಗೆ ಅಮೆರಿಕದಲ್ಲಿ ಹೆಂಗಸರಿಗೆ ಪೂರ್ಣ ಮತವಿದ್ದ ಸಂಸ್ಥಾನಗಳು ನಾಲ್ಕೇ: ವಯೋಮಿಂಗ್, ಕೊಲರಾಡೊ, ಯೂಟಾ, ಐಡಹೊ. ಆಕೆಯನ್ನು ಹೂಳಿದ ಮೌಂಟ್ ಹೋಪ್ ಸ್ಮಶಾನದಲ್ಲಿಯೇ ಡಗ್ಲಾಸನ ಸಮಾಧಿಯೂ ಇದೆ. 1878ರಲ್ಲಿ ತಂದ ಮಸೂದೆ ಅದೇ ಮಾತುಗಳಲ್ಲಿ 1919ರಲ್ಲಿ ಕಾಂಗ್ರೆಸ್ಸಿನಲ್ಲಿ ಗೆದ್ದಿತು. 1920ರ ಆಗಸ್ಟ್ 18ರಂದು ಟೆನೆಸೀ ಸಂಸ್ಥಾನ ಒಪ್ಪಿದೊಡನೆ ಹತ್ತೊಂಬತ್ತನೆಯ ತಿದ್ದುಪಡಿಯಾಗುವುದಕ್ಕೆ ಬೇಕಾದ ಸಂಖ್ಯೆ ತುಂಬಿತು. ದಕ್ಷಿಣದ ಕರಿಯ ಹೆಂಗಸರ ಕೈಗೆ ಆ ಮತ ನಿಜವಾಗಿ ಮುಟ್ಟಲು 1965ರ ಕಾನೂನು ಬರಬೇಕಾಯಿತು.

1979ರಲ್ಲಿ ಅಮೆರಿಕ ಸರ್ಕಾರ ಆಕೆಯ ಮುಖವನ್ನು ಒಂದು ಡಾಲರಿನ ನಾಣ್ಯದ ಮೇಲೆ ಅಚ್ಚು ಹಾಕಿತು. ಜುಲ್ಮಾನೆಯಾಗಿ ಒಂದು ಡಾಲರನ್ನೂ ಕೊಡೆನೆಂದವಳ ಮುಖ! ಕಾಲು ಡಾಲರಿನ ನಾಣ್ಯವನ್ನು ಬಹುವಾಗಿ ಹೋಲುತ್ತಿದ್ದುದರಿಂದ ಜನರು ಅದನ್ನು ಹೆಚ್ಚು ಬಳಸಲಿಲ್ಲ. 2020ರ ಆಗಸ್ಟ್ 18ರಂದು, ತಿದ್ದುಪಡಿಗೆ ನೂರು ವರ್ಷ ತುಂಬಿದ ದಿನ, ಅಂದಿನ ಅಧ್ಯಕ್ಷರು ಆಕೆಗೆ ಮರಣೋತ್ತರವಾಗಿ ಕ್ಷಮೆಯನ್ನು ಘೋಷಿಸಿದರು. ರಾಚೆಸ್ಟರಿನಲ್ಲಿ ಆಕೆಯ ಮನೆಯನ್ನು ವಸ್ತುಸಂಗ್ರಹಾಲಯವಾಗಿ ನೋಡಿಕೊಳ್ಳುತ್ತಿರುವವರು ಅದನ್ನು ಒಪ್ಪಲಿಲ್ಲ. ಕ್ಷಮೆಯನ್ನು ಸ್ವೀಕರಿಸಿದರೆ ಆ ವಿಚಾರಣೆ ನ್ಯಾಯವಾದುದೆಂದು ಒಪ್ಪಿದಂತಾಗುತ್ತದೆಂದು ಅವರು ತಿಳಿಸಿದರು. ನೂರು ಡಾಲರು ಇನ್ನೂ ಬಾಕಿ ಇದೆ.